ಮರಗಳಿಗೆ ನಂಬರು ಹಾಕಿದವರು

ಸಂತಾಪ ಸಭೆಗಳಲ್ಲಿ ತೀರಿಕೊಂಡವರ ಬಗ್ಗೆ ನಾಲ್ಕು ಮಾತು ಹೆಚ್ಚಾಗಿಯೇ ಹೇಳುವುದು ರೂಢಿ. ಅದಕ್ಕೆ ನನ್ನ ತಕರಾರೇನೂ ಇಲ್ಲ. ಆದರೆ ಕಳೆದ ವಾರ ನಮ್ಮ ಕಾಲೇಜಿನಲ್ಲಿ ನನ್ನ ಹಿರಿಯ ಸಹೋದ್ಯೋಗಿಗಾಗಿ ನಡೆದ ಸಭೆಯಲ್ಲಿ ಎದ್ದವರೆಲ್ಲ, ಒಬ್ಬರ ಹಿಂದೆ ಒಬ್ಬರು, "ಖಾನಾಪುರದ ಅಡವಿಯನ್ನು ಉಳಿಸಿದ ತಾಯಿ" ಎಂದೇ ಶುರು ಮಾಡಿದರು. ನಾನು ಮುಂದಿನ ಸಾಲಿನಲ್ಲಿ ಕುಳಿತು ಸೆರಗಿನ ತುದಿ ಹಿಂಡುತ್ತಿದ್ದೆ. ಅವರು ಬದುಕಿದ್ದಾಗ ಯಾರಾದರೂ ಈ ಮಾತು ಆಡಿದ್ದರೆ ಅಲ್ಲೇ ತಡೆದು, "ಉಳಿಸಿಲ್ಲೋ. ಅರ್ಧಾ ಕಡಿಸೇನಿ. ಗೊತ್ತಿಲ್ಲದ್ದ ಮಾತಾಡಬ್ಯಾಡ" ಎನ್ನುತ್ತಿದ್ದರು. ನನ್ನ ಸರದಿ ಬಂದಾಗ ಎರಡು ಮಾತು ತೊದಲಿ ಕುಳಿತುಬಿಟ್ಟೆ. ಮನೆಗೆ ಬಂದರೆ ಊಟ ಸೇರಲಿಲ್ಲ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಸಸ್ಯಶಾಸ್ತ್ರದವರು, ನಾನು ಇತಿಹಾಸದವಳು. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಬೆಳಗಾವಿಯ ಆ ಕಾಲೇಜಿಗೆ ಸೇರಿದಾಗ ಅವರಿಗೆ ನಲವತ್ತು ದಾಟಿತ್ತು. ಹಾಗಾಗಿ ಮೊದಲ ದಿನದಿಂದಲೇ ನನಗೆ ಅವರು ಅಕ್ಕಾರು. ಸ್ಟಾಫ್ ರೂಮಿನಲ್ಲಿ ಅವರದೊಂದು ಕುರ್ಚಿ ಇತ್ತು. ಅದರ ಮೇಲೆ ಮಿಕ್ಕವರ ಕೊಡೆ, ಊಟದ ಡಬ್ಬಿ, ಉತ್ತರಪತ್ರಿಕೆಯ ಗಂಟು ಕೂರುತ್ತಿದ್ದವೇ ಹೊರತು ಅವರು ಕೂತದ್ದನ್ನು ಕಂಡವರು ಕಡಿಮೆ. ಚಹಾ ಕುಡಿಯುವುದೂ ಕಿಟಕಿಯ ಹತ್ತಿರ ನಿಂತೇ. "ಕುಂದರ್ರಿ ಅಕ್ಕಾರ" ಎಂದರೆ, "ಕುಂತ್ರ ಬೇರ ಬಿಡ್ತಾವವಾ. ನಾವೇನ ಗಿಡಾ ಏನು?" ಎನ್ನುವರು. ಪಾಠ ಮಾಡುವಾಗ ಹಲಗೆಯಿಂದ ಬಾಗಿಲಿಗೆ, ಬಾಗಿಲಿನಿಂದ ಗೋಡೆಯ ಮೂಲೆಗೆ ಸುತ್ತುತ್ತಲೇ ಇರುತ್ತಿದ್ದರು. ಅವರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡಲು ಆಗುತ್ತಿರಲಿಲ್ಲ, ಯಾಕೆಂದರೆ ಹಿಂದಿನ ಬೆಂಚು ಯಾವುದು ಎಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ.

ಅವರ ಮನೆ ಶಹಾಪುರದಲ್ಲಿ, ನೇಕಾರರ ಓಣಿಯಲ್ಲಿ. ಅಣ್ಣನ ಮಗ್ಗದಲ್ಲಿ ನೇಯ್ದ ದಪ್ಪ ಅಂಚಿನ ಸೀರೆ, ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು. ಈ ವೇಷದಲ್ಲಿ ಶಹಾಪುರದಿಂದ ಕಾಲೇಜಿನವರೆಗೆ ದಿನಾ ನಡೆದೇ ಬರುವರು. ದಾರಿಯಲ್ಲಿ ಪೋಲಿ ಹುಡುಗರು "ಲೆಫ್ಟ್ ರೈಟ್" ಎಂದು ಕೂಗಿದರೆ ಇನ್ನಷ್ಟು ಬೀಸಾಗಿ ಹೆಜ್ಜೆ ಹಾಕುವರು. ಅವರ ಸಂಗಡ ನಡೆಯುವುದೆಂದರೆ ಅವರ ಬೆನ್ನಿನ ಜೊತೆ ಮಾತಾಡುವುದು. ಮದುವೆಯಾಗಿರಲಿಲ್ಲ. ಅದರ ಬಗ್ಗೆ ಅವರ ಅಣ್ಣ ಒಮ್ಮೆ ನನ್ನ ಹತ್ತಿರ, "ನೋಡಾಕ ಬಂದ ಗಂಡಿನ ಮುಂದ ಒಂದ ಗಳಿಗಿ ಕುಂದರಲಿಲ್ರೀ ಈಕಿ. ಅಂವಾ ಅಂಜಿ ಹೋದ" ಎಂದು ನಕ್ಕಿದ್ದರು. ಅಕ್ಕಾರೂ ನಕ್ಕರು, ಒಳಗೆ ಹೋದರು, ಹೊರಗೆ ಬಂದರು, ಮತ್ತೆ ಒಳಗೆ ಹೋದರು.

ಈ ಚಡಪಡಿಕೆ ಒಂದೇ ಒಂದು ಕಡೆ ತಣಿಯುತ್ತಿತ್ತು. ಅದು ಖಾನಾಪುರದ ಆಚೆ, ಜಾಂಬೋಟಿಯ ರಸ್ತೆಯಲ್ಲಿ ಬಸ್ಸು ಇಳಿದು ಒಳಗೆ ನಡೆದರೆ ಸಿಗುವ ಮಳೆಕಾಡು. ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಹುಡುಗಿಯರು ಬರುವುದರಿಂದ ಇನ್ನೊಬ್ಬ ಹೆಣ್ಣು ಉಪನ್ಯಾಸಕಿ ಬೇಕೆಂದು ಪ್ರಿನ್ಸಿಪಾಲರ ಕಟ್ಟಪ್ಪಣೆ. ಆ ಹರಕೆಯ ಕುರಿ ನಾನು. ನನಗೆ ನಡೆಯುವುದೆಂದರೆ ಬೇಸರ, ಜಿಗಣೆ ಎಂದರೆ ಜೀವಭಯ. ಕಾಲಿಗೆಲ್ಲ ತಂಬಾಕಿನ ನೀರು ಸವರಿಕೊಂಡು, ಒಂದು ಕೈಯಲ್ಲಿ ಉಪ್ಪಿನ ಪೊಟ್ಟಣ ಹಿಡಿದು, ಗೊಣಗುತ್ತಾ ಅವರ ಹಿಂದೆ ಹೋಗುತ್ತಿದ್ದೆ. ಅವರು ಮುಂದೆ ಮುಂದೆ ಖಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿ ಅದ್ದಿಕೊಂಡು ತಿನ್ನುತ್ತಲೇ ನಡೆಯುವರು.

ಕಾಡಿನ ಒಳಗೆ ಹೋದ ಮೇಲೆ ಅವರು ಬೇರೆ ಮನುಷ್ಯರು. ಒಂದು ಮರದ ಬುಡದಲ್ಲಿ ಮಂಡಿಯೂರಿ ಎಲ್ಲರನ್ನೂ ಸುತ್ತ ಕರೆಯುವರು. "ಕೈ ಹಾಕ್ರಿ" ಎನ್ನುವರು. ಕೊಳೆತ ಎಲೆಗಳ ಹಾಸಿನಲ್ಲಿ ಹುಡುಗರು ಹಿಂಜರಿಯುತ್ತಾ ಕೈ ತೂರಿಸುವರು. ಮಣಿಕಟ್ಟಿನವರೆಗೆ ಹೋಗುತ್ತಿತ್ತು. ಒಳಗೆ ತಣ್ಣಗೆ, ತೇವವಾಗಿ, ಏನೋ ಹರಿದಾಡಿದ ಹಾಗೆ. ಆಗ ಅವರು ನನ್ನ ಕಡೆ ತಿರುಗುವರು.

"ಹಿಸ್ಟರಿ ಬಾಯಾರ, ಇದನ್ನ ಯಾವ ರಾಜಾ ಕಟ್ಟಿಸಿದ್ರಿ?"

ಅಷ್ಟಕ್ಕೇ ಬಿಡುವವರಲ್ಲ. "ನಿಮ್ಮ ಕಿಲ್ಲಾದಾಗಿನ ಬಸದಿಗೆ ವಯಸ್ಸೆಷ್ಟು?"

"ಎಂಟನೂರರ ಹತ್ತಿರ ಬಂತ್ರಿ ಅಕ್ಕಾರ."

"ಅದಕ್ಕ ಸರಕಾರದಾವರು ಬೋರ್ಡ ಹಾಕ್ಯಾರ. ಒಂದ ಕಲ್ಲ ಕಿತ್ತರ ಜೇಲು. ಇದು ಆ ಬಸದಿಗಿಂತ ಎಷ್ಟ ಹಳೇದ ಅಂತ ಲೆಕ್ಕಾನ ಇಲ್ಲ. ಇದಕ್ಕ ಬೋರ್ಡ ಎಲ್ಲೈತಿ?"

ಆಮೇಲೆ ಹುಡುಗರಿಗೆ, "ಇದು ನಮ್ಮ ಆಸ್ತಿ ಅಲ್ಲಾ, ವಾರಸಾ. ಆಸ್ತಿ ಆದ್ರ ಮಾರಬಹುದು. ವಾರಸಾ ಮುಂದ ದಾಟಸಬೇಕು, ಅಷ್ಟ" ಎನ್ನುವರು. ಹೆಬ್ಬಲಸು, ರಾಮಪತ್ರೆ, ಮುರುಗಲು, ದಾಲ್ಚಿನ್ನಿ ಎಂದು ಒಂದೊಂದರ ತೊಗಟೆ ಮುಟ್ಟಿ ಹೇಳುವಾಗ ಅವರ ದನಿ ತಗ್ಗುತ್ತಿತ್ತು. ಇಂಥ ಕೆಲವು ಗಿಡಗಳು ಈ ಪಶ್ಚಿಮ ಘಟ್ಟ ಬಿಟ್ಟರೆ ಭೂಮಿಯ ಮೇಲೆ ಎಲ್ಲೂ ಇಲ್ಲ ಎಂದು ಅವರು ಹೇಳಿದಾಗ ಗೊಣಗುವುದು ನನಗೂ ಮರೆತುಹೋಗುತ್ತಿತ್ತು.

ಸರ್ಕಾರದ ಕಾಗದದಲ್ಲಿ ಅದು ಕಾಯ್ದಿಟ್ಟ ಅರಣ್ಯ. ಯಾರಿಗೆ ಕಾಯ್ದಿಟ್ಟದ್ದು ಎಂಬುದು ನನಗೆ ತಡವಾಗಿ ತಿಳಿಯಿತು. ರೈಲು ಹಳಿಯ ಕೆಳಗಿನ ದಿಮ್ಮಿಗೆ, ಪ್ಲೈವುಡ್ಡಿಗೆ. ವರ್ಷ ವರ್ಷ ಒಂದೊಂದು ತುಂಡು ಕಾಡನ್ನು ಗುತ್ತಿಗೆಗೆ ಕೊಡುತ್ತಿದ್ದರು. ಆ ತುಂಡಿಗೆ ಕೂಪು ಎಂದು ಹೆಸರು. ಕೂಪಿನಲ್ಲಿ ಕಡಿಯಬೇಕಾದ ದೊಡ್ಡ ಮರಗಳ ತೊಗಟೆ ಸವರಿ, ಸುತ್ತಿಗೆಯಿಂದ ಛಾಪು ಹೊಡೆದು, ನಂಬರು ಬರೆಯುತ್ತಿದ್ದರು. ಅಕ್ಕಾರ ಜೀವದಂಥ ಜಾಗ ಒಂದು ಹಳ್ಳದ ಈಚೆ ದಂಡೆಯಲ್ಲಿತ್ತು. ನಾನು ಸೇರಿದ ಐದಾರನೇ ವರ್ಷ ಹಳ್ಳದ ಆಚೆ ದಂಡೆ ಕೂಪಿಗೆ ಹೋಗಿತ್ತು. ಮುಂದಿನ ವರ್ಷ ಈಚೆಯದರ ಸರದಿ.

ಈಚೆ ದಂಡೆಯನ್ನು ಗುತ್ತಿಗೆಯ ಯೋಜನೆಯಿಂದ ಕೈಬಿಡಬೇಕು, ಬಸದಿಯ ಹಾಗೆ ಅದನ್ನು ಮುಟ್ಟದೆ ಕಾಪಾಡಬೇಕು, ಇಷ್ಟೇ ಅವರ ಆಸೆ. ಅದಕ್ಕಾಗಿ ಯಾವ ಯಾವ ಕಚೇರಿಯ ಮೆಟ್ಟಿಲು ಹತ್ತಿದರೋ. ಕಡೆಗೆ ಬೆಂಗಳೂರಿನಿಂದ ಒಬ್ಬ ದೊಡ್ಡ ಅಧಿಕಾರಿ ತಾವೇ ಬಂದು ಜಾಗ ನೋಡಿ ತೀರ್ಮಾನಿಸುವುದಾಗಿ ಒಪ್ಪಿದರು. ಅಕ್ಕಾರು ಹಿಗ್ಗಿಹೋದರು. ಸಾಹೇಬರಿಗೆ ಕಾಡಿನಲ್ಲಿ ಎಲ್ಲಾ ಹಸಿರಾಗಿಯೇ ಕಾಣುತ್ತದೆ, ಯಾವುದು ಏನು ಎಂದು ಗೊತ್ತಾಗುವುದಿಲ್ಲ, ಮ್ಯೂಸಿಯಮ್ಮಿನಲ್ಲಿ ವಸ್ತುಗಳಿಗೆ ನಂಬರು ಹಾಕುವುದಿಲ್ಲವೇ, ಹಾಗೆ ಮಾಡೋಣ ಎಂದರು. ಆ ವರ್ಷದ ಪ್ರವಾಸದಲ್ಲಿ ಒಂದು ಡಬ್ಬಿ ಕೆಂಪು ಬಣ್ಣ, ಎರಡು ಬ್ರಶ್ಶು ಬಂದವು. ಈಚೆ ದಂಡೆಯಲ್ಲಿ ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಅಪರೂಪದ ಮರಗಳನ್ನು ಆರಿಸಿ, ಎದೆ ಮಟ್ಟದಲ್ಲಿ ತೊಗಟೆ ಒರೆಸಿ, ಕೆಂಪಗೆ ದೊಡ್ಡದಾಗಿ ಒಂದು, ಎರಡು, ಮೂರು ಎಂದು ಬರೆದರು. ಸಾಹೇಬರು ಒಂದರಿಂದ ಇನ್ನೊಂದಕ್ಕೆ ನಡೆಯುತ್ತಾ ಹೋದರೆ ಅವರು ಪಕ್ಕದಲ್ಲಿ ವಿವರಿಸುತ್ತಾ ಹೋಗುವುದು.

ಆ ದಿನ ನಮ್ಮ ಜೊತೆ ಅಲ್ಲಿಯ ಫಾರೆಸ್ಟ್ ಗಾರ್ಡ್ ಇದ್ದರು. ಖಾನಾಪುರದ ಮುಸಲ್ಮಾನರು, ತೆಳ್ಳಗೆ, ಎತ್ತರಕ್ಕೆ. ಮನೆಯಲ್ಲಿ ಉರ್ದು, ನಮ್ಮೊಂದಿಗೆ ಕನ್ನಡ, ಹಳ್ಳಿಯವರೊಂದಿಗೆ ಮರಾಠಿ. ಅಕ್ಕಾರು ಅವರನ್ನು ಗಾರ್ಡಸಾಬ ಎನ್ನುತ್ತಿದ್ದರು. ಹಲವಾರು ವರ್ಷಗಳಿಂದ ಪ್ರತಿ ಪ್ರವಾಸದಲ್ಲೂ ನಮಗೆ ದಾರಿ ತೋರಿಸಿದವರು, ಅಕ್ಕಾರು ಹೇಳುವುದನ್ನು ಹುಡುಗರಿಗಿಂತ ಹೆಚ್ಚು ಗಮನವಿಟ್ಟು ಕೇಳುತ್ತಿದ್ದವರು. ಬಣ್ಣದ ಡಬ್ಬಿ ಹಿಡಿದವರು ಅವರೇ. "ಛಂದ ಕಾಣ್ತಾವ್ರಿ ಬಾಯಾರ, ಹಣಿಗೆ ಕುಂಕುಮಾ ಹಚ್ಚಿದಾಂಗ" ಎಂದರು.

ಸಾಹೇಬರ ಭೇಟಿ ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಬಕ್ರೀದ್ ಬಂತು. ಗಾರ್ಡಸಾಬರು ಬಾಯಿಮಾತಿನಲ್ಲಿ ಹೇಳಿ ಮನೆಗೆ ಹೋದರು. ಆಚೆ ದಂಡೆಯಲ್ಲಿ ಗುತ್ತಿಗೆದಾರನ ಗುಂಪು ತನ್ನ ಕೆಲಸ ಮುಗಿಸಿತ್ತು. ದೂರದಿಂದ ಬಂದ ಕೂಲಿಗಳು, ಓದು ಬರಹ ಇಲ್ಲದವರು, ಅವರನ್ನು ನಡೆಸುವ ಮುಕಾದಮನೂ ಹೊಸಬ. ಹಳ್ಳ ದಾಟಿ ನೋಡಿದರೆ ದೊಡ್ಡ ದೊಡ್ಡ ಮರಗಳು, ಎದೆ ಮಟ್ಟದಲ್ಲಿ ತಾಜಾ ನಂಬರು. ಇವೂ ನಮ್ಮ ಪಾಲಿನವೇ ಎಂದುಕೊಂಡರು. ಕೊಡಲಿ ಹಾಕಿದರು.

ಸುದ್ದಿ ತಂದದ್ದು ಜಾಂಬೋಟಿ ಕಡೆಯ ಒಬ್ಬ ವಿದ್ಯಾರ್ಥಿ. ಮರುದಿನ ಮೊದಲ ಬಸ್ಸಿಗೇ ಇಬ್ಬರೂ ಹೋದೆವು. ಅಕ್ಕಾರ ನಂಬರಿನ ಮರಗಳಲ್ಲಿ ಬಹುಪಾಲು ನೆಲಕ್ಕೆ ಬಿದ್ದಿದ್ದವು. ಬೀಳುವಾಗ ಪಕ್ಕದವನ್ನೂ ಎಳೆದುಕೊಂಡು ಬಿದ್ದಿದ್ದವು. ಎಷ್ಟೋ ಕಾಲದಿಂದ ಬಿಸಿಲನ್ನೇ ಕಾಣದ ನೆಲದ ಮೇಲೆ ಬಿಸಿಲು ಧಗಧಗ ಬಿದ್ದಿತ್ತು. ಮೊನ್ನೆಯಷ್ಟೇ ಹುಡುಗರು ಕೈ ಹಾಕಿದ್ದ ಎಲೆಯ ಹಾಸು ಹಪ್ಪಳದ ಹಾಗೆ ಒಣಗಿ ಮುರಿಯುತ್ತಿತ್ತು. ಅಕ್ಕಾರು ಒಂದು ದಿಮ್ಮಿಯ ಮೇಲಿನ ಕೆಂಪು ನಂಬರನ್ನು ಅಂಗೈಯಿಂದ ಉಜ್ಜಿದರು. ಹೋಗಲಿಲ್ಲ. ಸೆರಗಿನಿಂದ ಉಜ್ಜಿದರು. "ನಾನವಾ. ಆರಿಸಿ ಆರಿಸಿ ಕೊಟ್ಟೆ" ಎಂದರು. ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ, ಆ ಬುಡದಿಂದ ಈ ಬುಡಕ್ಕೆ ಸುತ್ತುತ್ತಲೇ ಇದ್ದರು.

ವಿಚಾರಣೆ ಖಾನಾಪುರದ ಪ್ರವಾಸಿ ಬಂಗಲೆಯಲ್ಲಿ ನಡೆಯಿತು. ಕೂಪಿನ ಹೊರಗೆ ಮರ ಬಿದ್ದಿವೆ, ಇಲಾಖೆಯ ಛಾಪು ಇಲ್ಲ. ಆ ಕೆಂಪು ನಂಬರು ಗುತ್ತಿಗೆದಾರನೇ ಹಾಕಿಕೊಂಡ ಕಳ್ಳ ನಂಬರು ಎಂದು ವಿಚಾರಣೆಗೆ ಬಂದ ಅಧಿಕಾರಿ ನಂಬಿಬಿಟ್ಟಿದ್ದರು. ಕಾಡಿನ ಬಗ್ಗೆ ಅರ್ಜಿ ಹಾಕಿದವರೆಂದು ಅಕ್ಕಾರಿಗೂ ಬರಹೇಳಿದ್ದರು, ಅವರ ಜೊತೆಗೆ ನಾನು. ಒಳಗೆ ಹೋಗುವ ಮೊದಲು ಸ್ಥಳೀಯ ಅಧಿಕಾರಿಯೊಬ್ಬರು, ನಂಬರಿನ ಸಂಗತಿ ಗೊತ್ತಿದ್ದವರು, ಒಳ್ಳೆಯವರೇ, ವರಾಂಡದಲ್ಲಿ ಅಕ್ಕಾರನ್ನು ಪಕ್ಕಕ್ಕೆ ಕರೆದರು.

"ಬಾಯಾರ, ನೀವು ಸುಮ್ಮನಿದ್ರ ಸಾಕು. ಗುತ್ತಿಗಿ ರದ್ದಾಗ್ತೈತಿ. ಒಮ್ಮೆ ತಂಟೆದಾಗ ಬಿದ್ದ ಅಡವಿಗೆ ವರ್ಷಾನುಗಟ್ಟಲೆ ಯಾರೂ ಕೈ ಹಚ್ಚಾಂಗಿಲ್ಲ. ನಿಮಗ ಬೇಕಾದದ್ದೂ ಅದ ಅಲ್ಲೇನ್ರಿ?"

"ಮತ್ತ ಗಾರ್ಡಸಾಬಂದು?"

ಅವರು ಬೇರೆ ಕಡೆ ನೋಡಿದರು. "ರಜಾ ಬರದು ಕೊಡದ ಹೋಗ್ಯಾನ. ಗುತ್ತಿಗಿದಾರನ ಕಡಿಂದ ತಿಂದಾನ ಅಂತಾರ. ನೌಕರಿ ಉಳಿಯೂದು ಕಠಿಣ ಐತ್ರಿ. ಏನ ಮಾಡೂದು? ಒಬ್ಬಂವಾ ಹೋಗ್ತಾನ, ಅಡವಿ ಉಳೀತೈತಿ."

ಒಳಗೆ ಗಾರ್ಡಸಾಬರು ಮೇಜಿನ ಮುಂದೆ ನಿಂತಿದ್ದರು. "ಈ ನಂಬರು ಯಾರು ಹಾಕಿದರು, ನಿನಗೆ ಗೊತ್ತೇನು?" ಎಂದು ಅಧಿಕಾರಿ ಕೇಳಿದರು. ಬಣ್ಣದ ಡಬ್ಬಿ ಹಿಡಿದಿದ್ದ ಮನುಷ್ಯ, "ಗೊತ್ತಿಲ್ರಿ ಸಾಹೇಬ್ರ" ಎಂದರು. "ದುಡ್ಡು ತಿಂದು ಕಣ್ಣು ಮುಚ್ಚಿದೆಯಾ?" ಎಂದಾಗ ತಲೆ ತಗ್ಗಿಸಿ ನಿಂತರು. ಗುತ್ತಿಗೆದಾರನ ಮನುಷ್ಯ ಬೆವರು ಒರೆಸಿಕೊಳ್ಳುತ್ತಿದ್ದ. ಅಕ್ಕಾರ ಕಾಲು ಕುಣಿಯುವುದು ನನಗೆ ಕಾಣಿಸಿತು. ಅವರ ಸೆರಗು ಹಿಡಿದು ಜಗ್ಗಿದೆ. ಬಿಡಿಸಿಕೊಂಡರು.

"ನಂಬರ ಹಾಕಿದಾಕಿ ನಾನ್ರಿ. ಇಂವಂದೂ ತಪ್ಪಿಲ್ಲ, ಕಡದವರದೂ ತಪ್ಪಿಲ್ಲ. ಇಲಾಖೆದವರು ಬರಿಯೂ ಜಾಗಾದಾಗನ ನಾ ಬರದೇನಿ. ಅವರ ಛಾಪ ಅಂತ ತಿಳದಾರ."

ಕೋಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗುತ್ತಿಗೆದಾರ ದಂಡ ಕಟ್ಟಿ ಪಾರಾದ. ಗಾರ್ಡಸಾಬರಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಅಡವಿ ಉಳಿಸಲು ಹೊರಟು ಮರ ಕಡಿಸಿದ ಬಾಯಾರು ಎಂದು ಅಕ್ಕಾರ ಕಥೆ ಕಚೇರಿ ಕಚೇರಿಯಲ್ಲಿ ಚಹಾದ ಜೊತೆ ಓಡಾಡಿತು. ಬೆಂಗಳೂರಿನ ಸಾಹೇಬರು ಬರಲೇ ಇಲ್ಲ.

ಬಂಗಲೆಯ ಗೇಟಿನ ಹತ್ತಿರ ಗಾರ್ಡಸಾಬರು ನಮಗಾಗಿ ಕಾಯುತ್ತಿದ್ದರು. ಧನ್ಯವಾದ ಹೇಳಲು ನಿಂತಿದ್ದಾರೆ ಎಂದುಕೊಂಡೆ. ಅವರ ಮುಖ ಕೆಂಪಾಗಿತ್ತು.

"ಹಿಂಗ್ಯಾಕ ಮಾಡಿದ್ರಿ ಬಾಯಾರ? ನಾ ಗೊತ್ತಿಲ್ಲ ಅಂತ ಯಾಕ ಅಂದೆ, ಅದಾದ್ರೂ ತಿಳಿಲಿಲ್ಲೇನ್ರಿ ನಿಮಗ?"

"ನಿನ್ನ ಮನಿ, ಮಕ್ಕಳು..."

"ನನ್ನ ಮನಿ ನಾ ನೋಡಕೋತಿದ್ದೆ. ಹಮಾಲಿ ಮಾಡತಿದ್ದೆ. ನನ್ನ ಒಂದ ಮಾತ ಕೇಳಬೇಕಿತ್ತ್ರಿ. ಕೇಳಲಿಲ್ಲ ನೀವು."

ತಿರುಗಿ ನಡೆದುಬಿಟ್ಟರು. ಅಕ್ಕಾರು ರಸ್ತೆಯ ನಡುವೆ ಹಾಗೇ ನಿಂತಿದ್ದರು. ಹಿಂದಿನಿಂದ ಬಂದ ಟ್ರಕ್ಕಿನವನು ಬೈದ ಮೇಲೆ ನಾನು ಕೈ ಹಿಡಿದು ಎಳೆದೆ.

ಮುಂದಿನ ವರ್ಷ ಈಚೆ ದಂಡೆಯ ಅರ್ಧದಷ್ಟು ಹೋಯಿತು, ಈ ಸಲ ಇಲಾಖೆಯ ಛಾಪಿನೊಂದಿಗೇ. ಕಡಿಯುವಷ್ಟು ದಿನವೂ ಬಿಡುವಿದ್ದಾಗಲೆಲ್ಲ ಅಕ್ಕಾರು ಹೋಗಿ ನೋಡಿ ಬಂದರು. ಬೇಡ ಎಂದರೆ, "ನಾ ಮಾಡಿದ್ದ ನಾ ನೋಡಬ್ಯಾಡೇನು?" ಎನ್ನುವರು. ಉಳಿದ ಅರ್ಧ ಕಡಿದಾದ ಇಳಿಜಾರು, ಲಾರಿ ಹೋಗದ ಜಾಗ. ಹೀಗೆ ಹೀಗೆ ಮುಂದೂಡುತ್ತಾ ಬಂದು, ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಹಸಿ ಮರ ಕಡಿಯುವುದನ್ನೇ ನಿಲ್ಲಿಸಿದರು. ಅದಕ್ಕೆ ಕಾರಣ ಬೇರೆ ಜಿಲ್ಲೆಗಳ ಬೇರೆ ಜನ, ಅವರ ಗದ್ದಲ. ಅಕ್ಕಾರಲ್ಲ. ಇದನ್ನು ಅವರೇ ನನಗೆ ಮೂರು ಮೂರು ಸಲ ಹೇಳಿದ್ದಾರೆ.

ಪ್ರವಾಸ ಮಾತ್ರ ಅವರು ಬಿಡಲಿಲ್ಲ. ಮೊದಲು ಕಾಡಿನ ನಡುವೆ ಮಂಡಿಯೂರುತ್ತಿದ್ದವರು ಈಗ ಮೊದಲು ಬೋಳು ಜಾಗಕ್ಕೆ ಕರೆದೊಯ್ಯುವರು. ಕಳೆ ಎದೆಯುದ್ದ ಬೆಳೆದಿರುತ್ತಿತ್ತು. ಯುಗಾದಿಯವರೆಗೆ ಹರಿಯುತ್ತಿದ್ದ ಹಳ್ಳ ಸಂಕ್ರಾಂತಿಗೇ ಬತ್ತುತ್ತಿತ್ತು. ಸುತ್ತ ನಿಂತ ಹೊಸ ಹುಡುಗರ ಮುಂದೆ, "ಇಲ್ಲಿ ಮರಾ ಕಡಿಸಿದಾಕಿ ನಾನು. ಹೆಂಗಂತ ಹೇಳ್ತೀನಿ, ಕೇಳ್ರಿ" ಎಂದು ಎಲ್ಲ ಹೇಳುವರು, ಒಂದೂ ಬಿಡದೆ. ಮೊದಲ ಸಲ ನನಗೆ ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಅದಾದ ಮೇಲೆ ಅವರ ಬಗ್ಗೆ ನನಗೆ ಹುಟ್ಟಿದ್ದು ಗೌರವ. ಆ ಗೌರವ ಇವತ್ತಿಗೂ ಇಳಿದಿಲ್ಲ.

ಆದರೆ ಹಳೆಯ ಚಡಪಡಿಕೆ ಬೇರೆ, ಈ ಚಡಪಡಿಕೆ ಬೇರೆ. ಮೊದಲು ಅವರ ಕಾಲಿಗೆ ಹೋಗಿ ಮುಟ್ಟುವ ಜಾಗವಿತ್ತು. ಈಗ ಸುಮ್ಮನೆ ನಡೆಯುವರು. ಶಿವಬಸವ ನಗರದ ನನ್ನ ಮನೆಗೆ ಭಾನುವಾರ ಬೆಳಿಗ್ಗೆ ಬಂದು, ಹೊಸ್ತಿಲ ಮೇಲೆ ನಿಂತೇ, "ಸುಮ್ಮನಿರಬೇಕಿತ್ತೇನವಾ?" ಎಂದು ಕೇಳುವರು. ಯಾವ ವಿಷಯ ಎಂದು ನಾನು ಕೇಳುತ್ತಿರಲಿಲ್ಲ. "ಖರೇ ಹೇಳಿದ್ದ ಛಲೋ ಆತ್ರಿ ಅಕ್ಕಾರ" ಎಂದರೆ, "ನೀ ನನ್ನ ಮಾರಿ ನೋಡಿ ಹೇಳ್ತಿ" ಎಂದು ಬೈಯುವರು. ಒಮ್ಮೆ ಬೇಸತ್ತು "ಹೌದ್ರಿ, ಸುಮ್ಮನಿರಬೇಕಿತ್ತು" ಎಂದೆ. ಅದಕ್ಕೂ ಬೈದರು.

ನಿವೃತ್ತಿಯಾದ ಮೇಲೆ, ಸಕ್ಕರೆ ಕಾಯಿಲೆಯಿಂದ ಕಾಲು ಸೋಲುತ್ತಾ ಬಂದಾಗ, ಒಂದು ದಿನ ಖಾನಾಪುರಕ್ಕೆ ಹೋಗೋಣ ಎಂದರು. ಅಡವಿಗೆ ಅಲ್ಲ, ಗಾರ್ಡಸಾಬರ ಮನೆಗೆ. ಬಂಗಲೆಯ ಗೇಟಿನ ಆ ಮಾತಿನ ನಂತರವೂ ಅವರು ಪ್ರತಿ ಪ್ರವಾಸದಲ್ಲಿ ನಮಗೆ ದಾರಿ ತೋರಿಸಿದ್ದರು. ಕೆಲಸದ ಮಾತಷ್ಟೇ, ಆ ವಿಷಯ ಮಾತ್ರ ಇಬ್ಬರೂ ಎತ್ತಿರಲಿಲ್ಲ. ಈಗ ಅವರೂ ನಿವೃತ್ತರು. ಗಡ್ಡ ಬೆಳ್ಳಗಾಗಿತ್ತು. ಅಂಗಳಕ್ಕೆ ಓಡಿ ಬಂದು, "ಬರ್ರಿ ಬಾಯಾರ, ಒಳಗ ಬರ್ರಿ" ಎಂದು ಕೈ ಹಿಡಿದು ಕರೆದೊಯ್ದರು. ಅವರ ಹೆಂಡತಿ ಚಹಾ ಮಾಡಿದರು, ಬೆಳಗಾವಿಯಿಂದ ನಾವು ಒಯ್ದ ಕುಂದಾ ತಟ್ಟೆಗೆ ಹಾಕಿದರು. ಮಗಳು ಬೀಡಿ ಊರಿನ ಶಾಲೆಯಲ್ಲಿ ಮಾಸ್ತರಿಣಿಯಾಗಿದ್ದಾಳೆ ಎಂದು ಹೆಮ್ಮೆಯಿಂದ ಹೇಳಿದರು.

ಅಕ್ಕಾರು ಚಹಾ ಮುಟ್ಟಲಿಲ್ಲ. "ಗಾರ್ಡಸಾಬ, ಆವತ್ತ ನಾ ನಿನ್ನ ಕೇಳಲಿಲ್ಲ. ಇವತ್ತ ಕೇಳಾಕ ಬಂದೇನಿ. ನಾ ಮಾಡಿದ್ದ ಬರೋಬರಿ ಆತೋ ಇಲ್ಲೋ?"

ಅವರು ಹೆಂಡತಿಯ ಕಡೆ ನೋಡಿದರು. ಗೋಡೆಯ ಮೇಲಿನ ಮಗಳ ಫೋಟೊ ನೋಡಿದರು.

"ಆವತ್ತ ಕೇಳಿದ್ರ ಸುಮ್ಮನಿರ್ರಿ ಅಂತಿದ್ದೆ. ಖರೇನ ಅಂತಿದ್ದೆ. ಆದ್ರ ಈ ಮನಿ ಆ ನೌಕರಿ ಮ್ಯಾಲ ನಿಂತೈತ್ರಿ. ಮಗಳು ಅದರ ಮ್ಯಾಲನ ಕಲತಳು. ತಿಂಗಳಾ ಪಿಂಚಣಿ ಬರ್ತೈತಿ. ಈಗ ಕೇಳಿದ್ರ ನೀವು ಮಾಡಿದ್ದ ಬರೋಬರಿ ಅಂತೀನಿ. ಇದು ನಾ ಅನ್ನೂದೋ, ಪಿಂಚಣಿ ಅನ್ನೂದೋ, ನನಗ ಗೊತ್ತಾಗೂದಿಲ್ಲ. ಈಗ ನನ್ನ ಕೇಳಬ್ಯಾಡ್ರಿ ಬಾಯಾರ."

"ಮತ್ತ ಯಾರನ್ನ ಕೇಳ್ಲಿ?"

ಅವರು ತಣ್ಣಗಾದ ಚಹಾದ ಕಪ್ಪನ್ನು ಅಕ್ಕಾರ ಕಡೆ ಸರಿಸಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಕೇಳಬೇಕಾದ ಗಿಡಾ ಮರುವರ್ಷನ ಹೋದುವಲ್ರಿ."